ಶಿವಗಂಗೆಯಿಂದ ಇಳಿಸಿದ ಮೂಟೆಗಳು

ಮೊದಲ ಸಲ ಶಿವಗಂಗೆ ಬೆಟ್ಟದಲ್ಲಿ ಕಸ ಆಯ್ದಾಗ ನಾವು 11 ಚೀಲ ತುಂಬಿಸಿದ್ದೆವು. ಕೆಳಗೆ ತೊಟ್ಟಿಯ ಪಕ್ಕ ಸಾಲಾಗಿ ಜೋಡಿಸಿ, ಹಿಂದೆ ನಿಂತು ಫೋಟೊ ತೆಗೆಸಿಕೊಂಡು, ದಾರಿಯಲ್ಲಿ ತಟ್ಟೆ ಇಡ್ಲಿ ತಿಂದು ಬೆಂಗಳೂರಿಗೆ ವಾಪಸ್ಸಾದೆವು. ಎರಡು ದಿನ ಎಲ್ಲರ ಸ್ಟೇಟಸ್‌ನಲ್ಲೂ ಅದೇ ಫೋಟೊ. ಮುಂದಿನ ವಾರ ನಮ್ಮಲ್ಲೊಬ್ಬರು ಹರಕೆ ತೀರಿಸಲು ಮನೆಯವರ ಜೊತೆ ಅಲ್ಲಿಗೇ ಹೋಗಿದ್ದರು. ಹೂವು ಮಾರುವ ಅಜ್ಜಿ ಗುರುತು ಹಿಡಿದು, "ನೀವೇ ಅಲ್ವೇನಪ್ಪ ಮೂಟೆ ಇಟ್ಟೋಗಿದ್ದು? ನೀವು ಹೋಗಿ ಅರ್ಧ ಗಂಟೆ ಆಗಿಲ್ಲ, ಕೋತಿಗಳು ಹರಿದು ಹಬ್ಬ ಮಾಡ್ಬಿಟ್ವು" ಅಂದರಂತೆ.

ಬೆಟ್ಟದ ತುಂಬ ಚೆಲ್ಲಾಡಿದ್ದ ಕಸವನ್ನು ಕೋತಿಗಳ ಅನುಕೂಲಕ್ಕೆ ಒಂದೇ ಕಡೆ ತಂದು ಗುಡ್ಡೆ ಹಾಕಿದ್ದೆವು, ಅಷ್ಟೇ.

ಶಿವಗಂಗೆ ಗೊತ್ತಿಲ್ಲದವರಿಗೆ: ತುಮಕೂರು ರಸ್ತೆಯಲ್ಲಿ ಡಾಬಸ್‌ಪೇಟೆ ದಾಟಿ ಒಳಗೆ ಹೋದರೆ ಸಿಗುತ್ತದೆ. ಬೆಂಗಳೂರಿನಿಂದ ಹೆಚ್ಚೂಕಮ್ಮಿ 55 ಕಿ.ಮೀ. ಗಂಗಾಧರೇಶ್ವರ, ಹೊನ್ನಾದೇವಿ, ಒಳಕಲ್ಲು ತೀರ್ಥ, ತುದಿಯ ಹತ್ತಿರ ಕೋಡುಗಲ್ಲು ಬಸವ. ಹೊಯ್ಸಳರ ರಾಣಿ ಶಾಂತಲೆ ಇಲ್ಲೇ ಪ್ರಾಣ ಬಿಟ್ಟಳು ಅನ್ನುತ್ತಾರೆ. ಕೆಳಗಿನ ಅರ್ಧ ಮೆಟ್ಟಿಲು, ಅಂಗಡಿ, ಭಕ್ತರು. ಮೇಲೆ ಹೋದಂತೆ ಬೋಳು ಬಂಡೆ. ಕಂಬಿ ಹಿಡಿದುಕೊಂಡೇ ಹತ್ತಬೇಕು. ಇಲ್ಲಿಗೆ ಭಕ್ತರೂ ಬರುತ್ತಾರೆ, ಟ್ರೆಕ್ಕಿಂಗ್ ಹುಡುಗರೂ ಬರುತ್ತಾರೆ. ಹಾಗಾಗಿ ಎರಡೂ ಬಗೆಯ ಕಸ ಇರುತ್ತದೆ. ಕರ್ಪೂರದ ಪೊಟ್ಟಣ, ಊದಿನಕಡ್ಡಿ ಕವರ್ ಒಂದು ಕಡೆ. ನೀರಿನ ಬಾಟಲಿ, ಚಿಪ್ಸ್ ಕವರ್, ಬಂಡೆ ಸಂದಿಯಲ್ಲಿ ಒಡೆದ ಬಿಯರ್ ಬಾಟಲಿ ಇನ್ನೊಂದು ಕಡೆ.

ಅಜ್ಜಿಯ ಮಾತು ಕೇಳಿದ ಮೇಲೆ ಎರಡನೇ ಸಲದ ತಯಾರಿಯನ್ನು ತಲೆಕೆಳಗು ಮಾಡಿದೆವು. ಮೊದಲು ಕೇಳಿದ್ದು, ಕಸ ಯಾರು ತಗೋತಾರೆ ಅಂತ. ನಮ್ಮ ಅಪಾರ್ಟ್‌ಮೆಂಟಿನ ಒಣ ಕಸ ಒಯ್ಯುವವರಿಗೆ ಫೋನ್ ಮಾಡಿದೆ. "ತಗೋತೀವಿ ಸಾರ್, ಆದ್ರೆ ಬಾಟಲಿ ಬೇರೆ, ಕವರ್ ಬೇರೆ, ಗಾಜು ಬೇರೆ ಇರ್ಬೇಕು. ಮಣ್ಣು, ಊಟ ಅಂಟಿರಬಾರ್ದು. ಡೈಪರ್ ಮಾತ್ರ ತರ್ಬೇಡಿ" ಅಂದರು. ಈ ಒಂದು ಫೋನ್ ಇಡೀ ದಿನದ ಕೆಲಸ ಹೇಗಿರಬೇಕು ಅಂತ ತೀರ್ಮಾನ ಮಾಡಿಬಿಟ್ಟಿತು.

ಕಪ್ಪು ಕಸದ ಚೀಲ ಕೈಬಿಟ್ಟೆವು. ಕಲ್ಲಿಗೆ ಉಜ್ಜಿದರೆ ಹರಿಯುತ್ತದೆ, ಮೇಲಾಗಿ ಪ್ಲಾಸ್ಟಿಕ್ ಕವರಿನ ಸರಸರ ಸದ್ದು ಕೇಳಿದರೆ ಸಾಕು, ಕೋತಿಗಳು ಊಟ ಬಂತು ಅಂತ ಇಳಿದು ಬರುತ್ತವೆ. ಅದರ ಬದಲು 25 ಕೆಜಿ ಅಕ್ಕಿಯ ಖಾಲಿ ಚೀಲ ತಂದೆವು. ಗಾಜಿಗೆ ಹಿಡಿಕೆ ಇರುವ ಹಳೇ ಪೇಂಟ್ ಡಬ್ಬ, ಮುಚ್ಚಳದ ಸಮೇತ. ಗ್ಲೌಸ್ ಅಂದರೆ ಮೆಡಿಕಲ್ ಶಾಪಿನದ್ದಲ್ಲ. ಅದರಲ್ಲಿ ಹತ್ತು ನಿಮಿಷಕ್ಕೇ ಕೈ ಬೆವೆತು ಬೆಂದಂತಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತಲ್ಲ, ಅಂಗೈಗೆ ರಬ್ಬರ್ ಮೆತ್ತಿದ ನೂಲಿನದ್ದು, ಅದು. ಸಂದಿಗೊಂದಿಗೆ ಮೊದಲು ಕೋಲು ಹಾಕಿ ಕೆದಕಬೇಕು, ಆಮೇಲೆ ಇಕ್ಕಳ. ಬರಿಗೈ ಯಾವತ್ತೂ ಇಲ್ಲ. ಚೇಳು ಕಂಡಿದ್ದೇವೆ.

ಹೊರಟಿದ್ದು ಸಂಕ್ರಾಂತಿ ಜಾತ್ರೆ ಮುಗಿದ ಮೇಲಿನ ಶನಿವಾರ. 17 ಜನ. ಬೆಳಗ್ಗೆ 5ಕ್ಕೆ ಟಿಟಿ (ಬಾಡಿಗೆ ಟೆಂಪೊ ಟ್ರಾವೆಲರ್) ಹೊರಟಿತು, ಆರೂವರೆಗೆ ಬೆಟ್ಟದ ಬುಡ. ಎಲ್ಲರ ಹತ್ತಿರ ಎರಡೆರಡು ಲೀಟರ್ ಸ್ಟೀಲ್ ಬಾಟಲಿ, ಡಬ್ಬಿಯಲ್ಲಿ ಚಿತ್ರಾನ್ನ. ಕಸ ಆಯಲು ಬಂದವರೇ ಬಿಸ್ಕೆಟ್ ಪೊಟ್ಟಣ ತರುವುದು ಬೇಡ ಅಂತ ಹೇಳಿದ್ದೆವು. ಒಬ್ಬ ತಂದಿದ್ದ. ಇಪ್ಪತ್ತನೇ ಮೆಟ್ಟಿಲಿಗೇ ಕೋತಿ ಅದನ್ನು ಕಿತ್ತುಕೊಂಡು ಹೋಯಿತು. ಆ ಕವರನ್ನು ಹುಡುಕಿ ತಂದದ್ದೇ ಅವತ್ತಿನ ಮೊದಲ ಕಸ.

ಹತ್ತುವಾಗ ಏನೂ ಆಯುವುದಿಲ್ಲ. ಇದು ಮೊದಲ ಸಲ ಕಲಿತ ಪಾಠ. ಆಗ ಕೆಳಗಿನಿಂದಲೇ ಶುರು ಮಾಡಿ, ಒಳಕಲ್ಲು ತೀರ್ಥ ತಲುಪುವಷ್ಟರಲ್ಲಿ ಚೀಲ ತುಂಬಿ, ತುಂಬಿದ ಚೀಲ ಹೊತ್ತುಕೊಂಡೇ ತುದಿ ಹತ್ತಿದ್ದೆವು. ಎಂಥಾ ಬುದ್ಧಿ! ಈಗ ಹತ್ತುವಾಗ ಸುಮ್ನೆ ನೋಡಿಕೊಂಡು ಹೋಗುತ್ತೇವೆ, ಎಲ್ಲೆಲ್ಲಿ ಜಾಸ್ತಿ ಇದೆ ಅಂತ. ಬಿಸಿಲೇರಿ ಬಂಡೆ ಕಾಯುವ ಮುಂಚೆ ತುದಿಗೆ ಹೋಗಿ, ತಿಂಡಿ ತಿಂದು, ಕೆಲಸ ಅಲ್ಲಿಂದ ಶುರು.

ಕಂಬಿಯ ಕಡಿದಾದ ಭಾಗದಲ್ಲಿ ಎರಡೂ ಕೈ ಬೇಕು. ಚೀಲ ಹಿಡಿದು ಇಳಿಯಲು ಹೋದರೆ ಅಪಾಯ. ಅಲ್ಲಿ ಸಿಕ್ಕಿದ್ದನ್ನು ಬೆನ್ನಿನ ಬ್ಯಾಗಿಗೆ ತುಂಬಿ, ಜಿಪ್ ಹಾಕಿ ಇಳಿದೆವು. ಬಂಡೆಯ ಅಂಚಿನ ಕಡೆಗೆ ಬಿದ್ದ ಬಾಟಲಿಗಳು ಎಷ್ಟು ಆಸೆ ಹುಟ್ಟಿಸಿದರೂ ಬಿಟ್ಟುಬಿಡಬೇಕು. ಒಬ್ಬ ಹುಡುಗ ಎರಡು ಸಲ ಆ ಕಡೆ ಕಾಲಿಟ್ಟ. ಗದರಿಸಿ ಕೂರಿಸಿದೆ. ಮುಖ ಊದಿಸಿಕೊಂಡ. ಊದಿಸಿಕೊಳ್ಳಲಿ.

ಬಾಟಲಿ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಎಲ್ಲರೂ ಅದರ ಹಿಂದೆ ಓಡುತ್ತಾರೆ. ನಿಜವಾಗಿ ಸೊಂಟ ಮುರಿಯುವುದು ಚಿಕ್ಕವು. ಗುಟ್ಕಾ ಪೊಟ್ಟಣ, ಬಾಟಲಿ ಮುಚ್ಚಳ, ಮತ್ತೆ ಕವರ್ ಹರಿಯುವಾಗ ಉಳಿಯುವ ಆ ಮೂಲೆ ಚೂರು. ಕವರನ್ನು ಜೇಬಿಗೆ ಹಾಕಿಕೊಳ್ಳುವ ಒಳ್ಳೆಯವರು ಕೂಡ ಮೂಲೆ ಚೂರನ್ನು ಬಿಟ್ಟಿರುತ್ತಾರೆ. ಕೋಡುಗಲ್ಲು ಬಸವನ ಹತ್ತಿರ ನಾಲ್ಕು ಜನ ಕುಕ್ಕರುಗಾಲಲ್ಲಿ ಕೂತು ಮುಕ್ಕಾಲು ಗಂಟೆ ಬರೀ ಚೂರು ಆಯ್ದರು. ಕೊನೆಗೆ ನೋಡಿದರೆ ಎರಡು ಬೊಗಸೆಯಷ್ಟೂ ಇಲ್ಲ. ಫೋಟೊಗೆ ಬರುವಂಥದ್ದಲ್ಲ. ಆದರೆ ಈ ಚೂರುಗಳೇ ಮಳೆನೀರಿನ ಜೊತೆ ಕೆಳಗಿನ ಹೊಲಕ್ಕೆ ಹೋಗುವುದು.

ಒಂದು ವಿಷಯಕ್ಕೆ ಜಗಳವೇ ಆಯಿತು. ಒಂದು ಮರದ ಬುಡದಲ್ಲಿ ದೇವರ ಹಳೇ ಫೋಟೊಗಳು, ಗಾಜು ಒಡೆದ ಕಟ್ಟು, ಬಳೆ ಚೂರು, ಅರಿಶಿನದ ದಾರ. ತೆಗೆಯೋಣ ಅಂತ ಹುಡುಗರು, ಮುಟ್ಟಬೇಡಿ ಅಂತ ಇಬ್ಬರು. ನಮ್ಮ ಗುಂಪಿನ ನಿವೃತ್ತ ಟೀಚರ್ ತೀರ್ಪು ಕೊಟ್ಟರು: "ಗಾಜು ತೆಗೀರಿ, ಯಾರದಾದ್ರೂ ಕಾಲಿಗೆ ಚುಚ್ಚುತ್ತೆ. ಮಿಕ್ಕಿದ್ದು ಅವರವರ ನಂಬಿಕೆ, ಹಾಗೇ ಇರ್ಲಿ." ಅವತ್ತಿನಿಂದ ಅದೇ ನಮ್ಮ ಕಾನೂನು. ಒಡೆದ ತೆಂಗಿನಕಾಯಿ, ಬಾಳೆಹಣ್ಣಿನ ಸಿಪ್ಪೆಯನ್ನೂ ಮುಟ್ಟುವುದಿಲ್ಲ. ಅವು ಹೇಗೂ ಕರಗುತ್ತವೆ, ಸುಮ್ನೆ ಚೀಲ ಭಾರ.

ಜನ ಏನಂದರು? ತುಂಬ ಜನ ನಮ್ಮನ್ನು ಪಂಚಾಯಿತಿಯವರು ಅಂದುಕೊಂಡರು. ಒಬ್ಬರು ಕೈಯಲ್ಲಿದ್ದ ಖಾಲಿ ಬಾಟಲಿಯನ್ನು ನನ್ನ ಚೀಲಕ್ಕೇ ಹಾಕಿ "ಥ್ಯಾಂಕ್ಸ್ ಅಣ್ಣ" ಅಂತ ಹೋದರು. ಕೋಪ ಬಂತು. ಆಮೇಲೆ, ಬಂಡೆ ಮೇಲೆ ಎಸೆಯಲಿಲ್ಲವಲ್ಲ ಅಂತ ಸುಮ್ಮನಾದೆ. ಭಾಷಣ ಮಾಡುವುದನ್ನು ನಾವು ಬಿಟ್ಟಿದ್ದೇವೆ. ಮೊದಲ ಸಲ ಮಾಡಿ ನೋಡಿದ್ದೆವು, ಕಾಲೇಜು ಹುಡುಗರು ಬೇಕಂತಲೇ ಇನ್ನೊಂದು ಕವರ್ ಎಸೆದು ನಕ್ಕಿದ್ದರು.

ಒಬ್ಬ ಅಂಗಡಿಯ ಅಕ್ಕ ಮಾತ್ರ ನೇರವಾಗಿ ಕೇಳಿದರು. "ಪ್ಲಾಸ್ಟಿಕ್ ಬ್ಯಾನ್ ಅಂತೀರಲ್ಲ, ಮತ್ತೆ ಈ ಬಾಟಲ್ ಕಂಪ್ನಿಯಿಂದ ಹೆಂಗೆ ಬರ್ತವೆ?" ಕರ್ನಾಟಕದಲ್ಲಿ 2016ರಲ್ಲೇ ಕ್ಯಾರಿಬ್ಯಾಗ್, ಲೋಟ, ತಟ್ಟೆ ಇತ್ಯಾದಿ ನಿಷೇಧವಾಗಿದೆ. 2022ರ ಜುಲೈ 1ರಿಂದ ದೇಶಾದ್ಯಂತ ಸ್ಟ್ರಾ, ಚಮಚದಂಥವೂ ನಿಂತವು. ಆದರೆ ಆ ಕೇಂದ್ರದ ಪಟ್ಟಿಯಲ್ಲಿ ನೀರಿನ ಬಾಟಲಿಯೂ ಇಲ್ಲ, ಚಿಪ್ಸ್ ಕವರೂ ಇಲ್ಲ. ಬೆಟ್ಟದಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಇವೆರಡೇ. ಅಕ್ಕನಿಗೆ ನಾನು ಕೊಡಬಹುದಾಗಿದ್ದ ಉತ್ತರ ಇಷ್ಟೇ. ಅವರು ತಲೆಯಾಡಿಸಿ ಸೌತೆಕಾಯಿಗೆ ಖಾರ ಹಚ್ಚಿ ಕೊಟ್ಟರು. ದುಡ್ಡು ತಗೊಂಡರು ಅನ್ನಿ.

ಮಧ್ಯಾಹ್ನ 12ಕ್ಕೆ ಕೆಳಗೆ ಬಂದೆವು. ಅಲ್ಲಿಂದ ಒಂದೂವರೆ ಗಂಟೆ ಬೇರ್ಪಡಿಸುವ ಕೆಲಸ. ಹಳೇ ಟಾರ್ಪಾಲು ಹಾಸಿ ಎಲ್ಲ ಸುರಿದೆವು. ಬಾಟಲಿಯ ನೀರು ಚೆಲ್ಲಿ, ತುಳಿದು ಚಪ್ಪಟೆ ಮಾಡಿ, ಮುಚ್ಚಳ ತಿರುಗಿಸಿ. ತುಳಿಯದಿದ್ದರೆ ಚೀಲಕ್ಕೆ ನಲವತ್ತು ಹಿಡಿದರೆ ಹೆಚ್ಚು, ತುಳಿದರೆ ನೂರರ ಮೇಲೆ. ಹಳದಿ ನೀರಿರುವ ಬಾಟಲಿಯನ್ನು ಯಾರೂ ತೆರೆಯಬೇಡಿ. ಅದು ಜ್ಯೂಸ್ ಅಲ್ಲ.

ಒಳಗೆ ಬೆಳ್ಳಿ ಬಣ್ಣ ಇರುವ ಚಿಪ್ಸ್ ಕವರಿಗೆ ಗುಜರಿಯವರು ಬಿಡಿಗಾಸೂ ಕೊಡುವುದಿಲ್ಲ. ಪದರಗಳು ಒಂದಕ್ಕೊಂದು ಅಂಟಿರುತ್ತವೆ, ಬಿಡಿಸಿ ಕರಗಿಸಲು ಆಗುವುದಿಲ್ಲ. ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋದರೆ ಅದೇ ದೊಡ್ಡದು. ಹಾಗಾಗಿಯೇ ಚಿಂದಿ ಆಯುವವರೂ ಅದನ್ನು ಬಿಟ್ಟು ಹೋಗುತ್ತಾರೆ, ಬೆಟ್ಟದಲ್ಲಿ ಅದೇ ಉಳಿಯುತ್ತದೆ.

ಕೊನೆಗೆ 9 ಮೂಟೆ. ಟಿಟಿ ಡ್ರೈವರ್ ಅಣ್ಣ ಮೂಟೆಗಳನ್ನು ನೋಡಿ ಸೀಟಿನಿಂದ ಇಳಿದೇ ಬಿಟ್ಟರು. "ಸಾರ್, ನಾಳೆ ಈ ಗಾಡಿಗೆ ಮದುವೆ ಪಾರ್ಟಿ ಇದೆ." ಅವರದೇನೂ ತಪ್ಪಿಲ್ಲ, ನಾವು ಮೊದಲೇ ಹೇಳಿರಲಿಲ್ಲ. ಮೂಟೆಗಳನ್ನು ಮೇಲಿನ ಕ್ಯಾರಿಯರ್‌ಗೆ ಏರಿಸಿ, ಟಾರ್ಪಾಲು ಸುತ್ತಿ, ಹಗ್ಗ ಬಿಗಿದು, 500 ರೂಪಾಯಿ ಜಾಸ್ತಿ ಕೊಟ್ಟ ಮೇಲೆ ಗಾಡಿ ಹೊರಟಿತು. ಬಾಟಲಿ 9 ಕೆಜಿ ತೂಗಿತು, ಕೆಜಿಗೆ 12ರಂತೆ 108 ರೂಪಾಯಿ. ಲೆಕ್ಕ ಹಾಕಿ ಎಲ್ಲರೂ ನಕ್ಕೆವು.

ಮೂರನೇ ಸಲ ಇಷ್ಟು ದೂರ ಹೊರಲಿಲ್ಲ. ಈಗ ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ಸಂಕೀರ್ಣ ಅಂತ ಒಣ ಕಸದ ಘಟಕ ಇದೆ, ಹಲವು ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ನಡೆಸುತ್ತಾರೆ. ಒಂದು ಕಡೆ ಎರಡು ದಿನ ಮುಂಚೆ ಫೋನ್ ಮಾಡಿ, ಭಾನುವಾರ ಬಿಟ್ಟು ಶನಿವಾರ ಹೋದೆವು. ಬೇರ್ಪಡಿಸಿದ್ದನ್ನು ನೋಡಿ ಅವರಿಗೆ ಖುಷಿ. ಹತ್ತು ನಿಮಿಷದಲ್ಲಿ ಕೆಲಸ ಮುಗೀತು.

ಅವತ್ತು ಇಳಿಯುವಾಗ ಆ ಸೌತೆಕಾಯಿ ಅಕ್ಕನ ಅಂಗಡಿ ಕಂಬಕ್ಕೆ ಒಂದು ಅಕ್ಕಿ ಚೀಲ ಕಟ್ಟಿತ್ತು. ಕೋತಿ ಕೈ ಹಾಕದಂತೆ ಬಾಯಿಗೆ ಗೋಣಿದಾರ ಬಿಗಿದಿದ್ದರು. ಒಳಗೆ ಬಾಟಲಿ, ಕವರ್ ತುಂಬಿತ್ತು. ಒಳ್ಳೆ ಕೆಲಸ ಮಾಡಿದ್ರಿ ಅಕ್ಕ ಅಂದೆ.

"ಒಳ್ಳೆ ಕೆಲ್ಸ ಇರ್ಲಿ, ಹಿಂದೆ ಇನ್ನೆರಡು ಚೀಲ ಇದಾವೆ" ಅಂದರು. "ಇಳಿಸ್ಕೊಂಡೋಗಿ."