ಪಿನ್ ಚುಚ್ಚಿದ ಮೇಲಿನ ಕೆಲಸ: ರೋಟರಿಯಲ್ಲಿ ಸದಸ್ಯರನ್ನು ಉಳಿಸಿಕೊಂಡ ನನ್ನ ಅನುಭವ

ಜೂನ್ ಕೊನೆಯ ವಾರ ಬಂತೆಂದರೆ ರೋಟರಿ ಕ್ಲಬ್ಬಿನ ಕಾರ್ಯದರ್ಶಿಗೆ ನಿದ್ದೆ ಕಡಿಮೆ. ನಮ್ಮ ವರ್ಷ ಶುರುವಾಗುವುದು ಜುಲೈ 1ಕ್ಕೆ. ಆ ದಿನ ಮತ್ತು ಜನವರಿ 1ರಂದು ಪಟ್ಟಿಯಲ್ಲಿ ಎಷ್ಟು ಹೆಸರಿದೆಯೋ ಅಷ್ಟು ತಲೆಗೆ ಅಂತರರಾಷ್ಟ್ರೀಯ ಸಂಸ್ಥೆಯ ಬಿಲ್ ಬರುತ್ತದೆ. 2025-26ರ ಸಾಲಿಗೆ ಅದು ಆರು ತಿಂಗಳಿಗೆ ತಲೆಗೆ 41 ಡಾಲರ್. ಸಭೆಗೂ ಬಾರದ, ಬಾಕಿಯನ್ನೂ ಕೊಡದವರ ಹೆಸರನ್ನು ಜೂನ್ 30ರೊಳಗೆ ತೆಗೆಯದಿದ್ದರೆ ಅವರ ಪಾಲನ್ನು ಉಳಿದವರು ಹೊರಬೇಕು. ಹಾಗಾಗಿ ಜುಲೈನಲ್ಲಿ ಹಾರ ಹಾಕಿ, ಎದೆಗೆ ರೋಟರಿಯ ಪಿನ್ ಚುಚ್ಚಿ, ಚಪ್ಪಾಳೆ ತಟ್ಟಿ ಸೇರಿಸಿಕೊಂಡವರಲ್ಲಿ ಕೆಲವರನ್ನು ಮುಂದಿನ ಜೂನ್‌ನಲ್ಲಿ ಸದ್ದಿಲ್ಲದೆ ಕೈಬಿಡುವುದು ಎಷ್ಟೋ ಸೇವಾ ಕ್ಲಬ್ಬುಗಳಲ್ಲಿ ರೂಢಿಯೇ ಆಗಿಬಿಟ್ಟಿದೆ.

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಕ್ಲಬ್ಬಿನಲ್ಲಿ ಸದಸ್ಯತ್ವದ ಉಸ್ತುವಾರಿ ಹಲವು ವರ್ಷಗಳಿಂದ ನನ್ನ ತಲೆಗೆ ಅಂಟಿಕೊಂಡಿದೆ. ಅಧ್ಯಕ್ಷಗಿರಿಗೆ ಸರದಿ ಉಂಟು, ಈ ಸಮಿತಿಯನ್ನು ಮಾತ್ರ ಯಾರೂ ಕೇಳಿ ಪಡೆಯುವುದಿಲ್ಲ. 2021-22ರಲ್ಲಿ ಕೋಲ್ಕತ್ತದ ಶೇಖರ್ ಮೆಹ್ತಾ ಅಂತರರಾಷ್ಟ್ರೀಯ ಅಧ್ಯಕ್ಷರಾಗಿದ್ದಾಗ ಒಬ್ಬೊಬ್ಬ ಸದಸ್ಯ ಇನ್ನೊಬ್ಬರನ್ನು ಕರೆತರಬೇಕು ಎಂದು ಕರೆ ಕೊಟ್ಟರು. ಪ್ರಪಂಚದಲ್ಲಿ 12 ಲಕ್ಷದ ಆಸುಪಾಸಿನಲ್ಲೇ ನಿಂತುಹೋಗಿದ್ದ ಸದಸ್ಯರ ಸಂಖ್ಯೆಯನ್ನು 13 ಲಕ್ಷ ದಾಟಿಸಬೇಕೆಂಬುದು ಗುರಿ. ಕರೆ ಒಳ್ಳೆಯದೇ. ಆದರೆ ನಮ್ಮಂಥ ಊರಿನಲ್ಲಿ ಕರೆತರುವುದು ಕಷ್ಟವೇ ಅಲ್ಲ. ಭಾವಮೈದುನ, ಷಡ್ಡಕ, ಪಕ್ಕದ ಅಂಗಡಿಯವರು, ಸಾಲ ತೆಗೆದ ಬ್ಯಾಂಕಿನ ಮ್ಯಾನೇಜರು, ಹೀಗೆ ಯಾರಾದರೂ ಮುಖ ನೋಡಿ ಬಂದೇ ಬರುತ್ತಾರೆ. ಮ್ಯಾನೇಜರು ವರ್ಗವಾಗಿ ಹೋಗುತ್ತಾರೆ. ಉಳಿದವರು ದಾಕ್ಷಿಣ್ಯ ತೀರುವವರೆಗೆ ಇರುತ್ತಾರೆ.

ನಾನು ಹಿಡಿದ ದಾರಿ ಬೇರೆ. ಕೆಲಸಕ್ಕೆ ಮೊದಲು ಕರೆಯುವುದು, ಸದಸ್ಯತ್ವದ ಮಾತು ಆಮೇಲೆ.

ರೋಟರಿಯಲ್ಲಿ ಕ್ಲಾಸಿಫಿಕೇಶನ್ ಎಂಬ ಹಳೆಯ ಪದ್ಧತಿ ಇದೆ. ಊರಿನ ಬೇರೆ ಬೇರೆ ಕಸುಬುಗಳವರು ಕ್ಲಬ್ಬಿನಲ್ಲಿರಬೇಕು, ಒಂದೇ ಕಸುಬಿನವರು ತುಂಬಿಕೊಳ್ಳಬಾರದು. ಅದನ್ನೇ ನೆಪ ಮಾಡಿಕೊಂಡು ಒಂದು ಭಾನುವಾರ ಬಸ್‌ಸ್ಟ್ಯಾಂಡಿನಿಂದ ಸಂತೆ ಮೈದಾನದವರೆಗೆ ಡೈರಿ ಹಿಡಿದು ನಡೆದೆ. ನಮ್ಮಲ್ಲಿ ಇದ್ದವರು ವೈದ್ಯರು, ವಕೀಲರು, ಅಡಿಕೆ ಮಂಡಿಯವರು, ಇಬ್ಬರು ಇಂಜಿನಿಯರುಗಳು. ರಸ್ತೆಯಲ್ಲಿ ಕಂಡದ್ದು ಜೆಸಿಬಿ ಮಾಲೀಕರು, ರಕ್ತ ಪರೀಕ್ಷೆಯ ಲ್ಯಾಬ್, ಪ್ರಿಂಟಿಂಗ್ ಪ್ರೆಸ್, ಬ್ಯಾಟರಿ ಅಂಗಡಿ, ಬ್ಯೂಟಿ ಪಾರ್ಲರ್, ನರ್ಸರಿ, ಮದುವೆ ಅಡುಗೆಯ ಭಟ್ಟರು, ಶಾಮಿಯಾನದವರು. ಇವರಲ್ಲಿ ಒಬ್ಬರೂ ಕ್ಲಬ್ಬಿನಲ್ಲಿರಲಿಲ್ಲ.

ಶಾಮಿಯಾನದವರ ವಿಷಯ ಹೇಳಲೇಬೇಕು. ನಮ್ಮ ಕಣ್ಣಿನ ತಪಾಸಣೆ ಇರಲಿ, ರಕ್ತದಾನ ಇರಲಿ, ಕುರ್ಚಿ ಮೇಜು ಮೈಕು ಎಲ್ಲ ಅವರದ್ದೇ. ಬೆಳಿಗ್ಗೆ ಐದೂವರೆಗೆ ಮಿನಿ ಲಾರಿ ತಂದು, ಹುಡುಗರು ಕೈಕೊಟ್ಟರೆ ತಾವೇ ಗೂಟ ಹೊಡೆದು, ಕಾರ್ಯಕ್ರಮ ಮುಗಿದ ಮೇಲೆ ಬಿಲ್ಲಿನಲ್ಲಿ ಅರ್ಧ ಬಿಟ್ಟು, ಮಾತಾಡದೆ ಹೋಗುವವರು. ನಮ್ಮ ಅರ್ಧದಷ್ಟು ಸದಸ್ಯರಿಗಿಂತ ಹೆಚ್ಚು ಶಿಬಿರ ನೋಡಿದ ಮನುಷ್ಯ. ಗೋಡೌನಿಗೆ ಹೋಗಿ ವಿಷಯ ತೆಗೆದೆ. ಮಳೆಗೆ ನೆನೆದ ಪರದೆಗಳನ್ನು ಹಗ್ಗದ ಮೇಲೆ ಹರಡುತ್ತಿದ್ದರು. ಕೈ ನಿಲ್ಲಿಸದೆಯೇ, "ಅದೆಲ್ಲ ಕೋಟು ಹಾಕೋರಿಗಲ್ವ ಸಾರ್? ನಂಗೆ ಇಂಗ್ಲಿಷ್ ಬರೂದಿಲ್ಲ" ಅಂದರು. "ಕೋಟು ಬೇಡ ಮಾರಾಯ್ರೇ, ನೀವು ಬನ್ನಿ" ಅಂದೆ.

ಅವರ ಹೆಸರು ಬೋರ್ಡಿನ ಮುಂದೆ ಬಂದಾಗ ಒಬ್ಬ ಹಿರಿಯರು ಗಂಟಲು ಸರಿಮಾಡಿಕೊಂಡರು. "ಆಕ್ಷೇಪಣೆ ಅಂತಲ್ಲ, ಆದರೆ ನಮ್ಮ ಸ್ಟ್ಯಾಂಡರ್ಡ್..." ಎಂದು ನಿಲ್ಲಿಸಿದರು. 1905ರಲ್ಲಿ ಷಿಕಾಗೋದಲ್ಲಿ ರೋಟರಿಯ ಮೊದಲ ಸಭೆಗೆ ಕೂತವರು ನಾಲ್ಕೇ ಜನ. ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಒಬ್ಬ, ಗಣಿ ಇಂಜಿನಿಯರ್ ಒಬ್ಬ, ನಾಲ್ಕನೆಯವನು ದರ್ಜಿ. ಅಷ್ಟು ಹೇಳಿ ನಾನು ಸುಮ್ಮನಾದೆ. ಹೆಸರು ಪಾಸಾಯಿತು. ಅಲ್ಲಿಂದ ಸಭೆಯ ಮಾತು ಪೂರ್ತಿ ಕನ್ನಡಕ್ಕೆ ಬಂತು, ನಡೆನುಡಿ ಸರಿಯೇ ಎಂದು ರೋಟರಿಯವರು ತಮ್ಮನ್ನೇ ಕೇಳಿಕೊಳ್ಳುವ ನಾಲ್ಕು ಪ್ರಶ್ನೆಗಳ, ಅಂದರೆ ನಾಲ್ಕು ಪರೀಕ್ಷೆಗಳ, ಪಠಣವೂ ಕನ್ನಡದಲ್ಲೇ. ವರದಿ ಓದುವಾಗ ತೂಕಡಿಸುತ್ತಿದ್ದವರು ಪ್ರಶ್ನೆ ಕೇಳಲು ಶುರುಮಾಡಿದರು. ಖಜಾಂಚಿಗಳಿಗೆ ಇದು ಅಷ್ಟು ಹಿಡಿಸಲಿಲ್ಲ ಅನ್ನುವುದು ಬೇರೆ ಮಾತು.

ಈಗ ಯಾರನ್ನಾದರೂ ಸೇರಿಸಬೇಕು ಅನ್ನಿಸಿದರೆ ಮೊದಲು ಅವರ ಕಸುಬಿಗೆ ಸಂಬಂಧಿಸಿದ ಒಂದು ಕೆಲಸ ಕೇಳುತ್ತೇವೆ. ಲ್ಯಾಬ್ ನಡೆಸುವ ಮಹಿಳೆಯನ್ನು ಕೇಳಿದ್ದು ಹೈಸ್ಕೂಲು ಹೆಣ್ಣುಮಕ್ಕಳ ಹಿಮೋಗ್ಲೋಬಿನ್ ತಪಾಸಣೆಗೆ. ಒಂದೇ ಶಾಲೆ ಅಂದಿದ್ದೆವು. ರಿಪೋರ್ಟು ನೋಡಿ ಅವರಿಗೇ ತಡೆಯಲಾಗಲಿಲ್ಲ. ಮಕ್ಕಳ ತಾಯಂದಿರನ್ನು ಶಾಲೆಗೆ ಕರೆಸಿ ಕೂರಿಸಿಕೊಂಡು, ಕಬ್ಬಿಣಾಂಶದ ಮಾತ್ರೆ ನುಂಗಿದ ಮೇಲೆ ಒಂದೆರಡು ತಾಸು ಟೀ ಕುಡಿಸಬೇಡಿ ಎಂದು ತಿಳಿಹೇಳಿದರು. ಮುಂದಿನ ಶಾಲೆ ಯಾವುದು ಎಂದು ಅವರೇ ಫೋನ್ ಮಾಡಿ ಕೇಳಿದಾಗ ಅರ್ಜಿ ಫಾರಂ ಕೊಟ್ಟೆ. ಹೀಗೆ ಕೇಳಿದಾಗ ಬರದವರೂ ಉಂಟು, ಬಂದು ಬ್ಯಾನರ್ ಹಿಡಿದು ಫೋಟೊ ಮುಗಿದ ಕೂಡಲೇ ಬೈಕು ಹತ್ತಿದವರೂ ಉಂಟು. ಅಂಥವರನ್ನು ಎರಡನೇ ಸಲ ಕೇಳುವುದಿಲ್ಲ. ಪಿನ್ ಹಾಕುವ ಮೊದಲೇ ಇದು ಗೊತ್ತಾಗುವುದು ಇಬ್ಬರಿಗೂ ಒಳ್ಳೆಯದು.

ಮಹಿಳೆಯರ ಮಾತು ಬಂತು. ರೋಟರಿಯಲ್ಲಿ ಹೆಂಡತಿಯರನ್ನು ಆನ್ಸ್ ಎಂದು ಕರೆದು ಪ್ರತ್ಯೇಕ ಕೂರಿಸುವುದು ಹಳೆಯ ರೂಢಿ. ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲಿ, ಹೆಂಗಸರನ್ನು ಸೇರಿಸಿಕೊಂಡಿದ್ದ ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ಬಿನ ಪರವಾಗಿ ತೀರ್ಪು ಕೊಟ್ಟು, 1989ರಲ್ಲಿ ನಿಯಮಾವಳಿಯೇ ಬದಲಾದ ಮೇಲೆ ಹೆಂಗಸರು ಎಲ್ಲ ಕಡೆಯೂ ಪೂರ್ಣ ಸದಸ್ಯರಾಗಬಹುದು. ಆದರೆ ರಾತ್ರಿ ಎಂಟಕ್ಕೆ ಹೋಟೆಲಿನ ಮಹಡಿಯ ಮೇಲೆ ಸಭೆ ಇಟ್ಟುಕೊಂಡು, ಹತ್ತೂವರೆಗೆ ಊಟ ಹಾಕಿದರೆ ಯಾವ ನಿಯಮ ಇದ್ದು ಏನು? ಸಭೆಯನ್ನು ಸಂಜೆ ಆರೂವರೆಗೆ ತಂದೆವು, ಎಂಟಕ್ಕೆ ಮುಗಿಯಲೇಬೇಕು. ಊಟದ ಬದಲು ಉಪ್ಪಿಟ್ಟು ಕಾಫಿ. ಗುಂಡಿನ ಫೆಲೋಶಿಪ್ ಬೇಕಾದವರು ಖಾಸಗಿಯಾಗಿ ಮಾಡಿಕೊಳ್ಳಲಿ ಎಂದು ತೀರ್ಮಾನವಾಯಿತು. ಅದಕ್ಕಾಗಿಯೇ ಬರುತ್ತಿದ್ದ ಮೂರ್ನಾಲ್ಕು ಜನ ಬಿಟ್ಟರು. ನನಗೆ ಬೇಸರವಾಗಲಿಲ್ಲ.

2016ರಿಂದ ವಾರಕ್ಕೊಂದು ಸಭೆ ಕಡ್ಡಾಯವಲ್ಲ, ತಿಂಗಳಿಗೆ ಎರಡಾದರೂ ಸಾಕು. ನಮಗೆ ಇದು ದೊಡ್ಡ ಉಪಕಾರ. ಅಡಿಕೆ ಸೀಮೆಯಲ್ಲಿ ಕ್ಯಾಲೆಂಡರ್ ನಡೆಸುವುದು ತೋಟ. ಜುಲೈನಲ್ಲಿ ಪದಗ್ರಹಣದ ಹೊತ್ತಿಗೆ ಮಳೆ ಸ್ವಲ್ಪ ಹೊಳವಾದರೆ ಸಾಕು, ಜನ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಲು ಓಡುತ್ತಾರೆ. ಕೊಯ್ಲು ಶುರುವಾದ ಮೇಲೆ ಸಂಜೆಯೆಲ್ಲ ಸುಲಿತ. ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಸಿಕ್ಕ ದಿನ, ಹಲವು ಕ್ಲಬ್ಬುಗಳು ಸೇರಿದ ರೋಟರಿ ಜಿಲ್ಲೆಯ ಮುಖ್ಯಸ್ಥರಾದ ಗವರ್ನರ್ ಭೇಟಿ ಇದ್ದರೂ ತೋಟ ಬಿಟ್ಟು ಬರಲಾಗುವುದಿಲ್ಲ. ಹಾಜರಿ ಪುಸ್ತಕ ನೋಡಿದರೆ ಆ ಮೂರು ತಿಂಗಳು ಬೆಳೆಗಾರರೆಲ್ಲ ಕೆಟ್ಟ ಸದಸ್ಯರೇ! ಅವರನ್ನು ಆ ಕಾಲದಲ್ಲಿ ಸಭೆಗೆ ಕರೆಯುವುದನ್ನೇ ಬಿಟ್ಟೆವು. ರೋಟರಿಯಲ್ಲಿ ಸದಸ್ಯರಿಗೆ ರಜೆ ಕೊಡುವ ಅವಕಾಶ ಇದೆ, ಅದನ್ನು ಧಾರಾಳವಾಗಿ ಬಳಸುತ್ತೇವೆ. ಮಗಳ ಮದುವೆ, ಮನೆಯಲ್ಲಿ ಕಾಯಿಲೆ, ಅಂಗಡಿ ರಿಪೇರಿ, ಏನೇ ಇರಲಿ ರಜೆ ಬರೆದುಕೊಡಿ ಅನ್ನುತ್ತೇವೆ. ಹೇಳಿ ಹೋದವರು ವಾಪಸು ಬರುತ್ತಾರೆ. ಹೇಳದೆ ಹೋದವರಿಗೆ ಮತ್ತೆ ಬರಲು ಮುಜುಗರ.

ಹಣದ ವಿಷಯದಲ್ಲಿ ಜನ ಬಿಡುವುದು ವಾರ್ಷಿಕ ಚಂದಾ ಜಾಸ್ತಿ ಅಂತಲ್ಲ. ಪದಗ್ರಹಣಕ್ಕೆ ಐನೂರು, ಜಿಲ್ಲಾ ಸಮ್ಮೇಳನಕ್ಕೆ ಇಷ್ಟು, ಗವರ್ನರ್ ಬಂದಾಗ ಶಾಲಿಗೆ ಇಷ್ಟು ಎಂದು ವರ್ಷವಿಡೀ ಕೈಚಾಚುತ್ತೇವಲ್ಲ, ಅದಕ್ಕೆ. ಜೆಸಿಬಿ ಮಾಲೀಕರೊಬ್ಬರು ಸೇರುವ ಮುಂಚೆ ನನ್ನನ್ನು ನೇರ ಕೇಳಿದರು: "ವರ್ಷಕ್ಕೆ ಒಟ್ಟು ಎಷ್ಟು ಅಂತ ಹೇಳಿಬಿಡಿ. ಆಮೇಲೆ ಎಲ್ಲರ ಎದುರು ಹೆಸರು ಕೂಗಿ ಕೇಳೂದು ಬೇಡ." ಸರಿಯಾದ ಮಾತು. ಡಾಲರಿನ ಬಾಬತ್ತು ಎಷ್ಟು, ರೋಟರಿ ಜಿಲ್ಲೆಗೆ ಎಷ್ಟು, ರೋಟರಿ ಪತ್ರಿಕೆಗೆ ಎಷ್ಟು, ನಮ್ಮ ತಿಂಡಿ ಮತ್ತು ಹಾಲ್ ಬಾಡಿಗೆ ಎಷ್ಟು ಎಂದು ಒಂದೇ ಹಾಳೆಯಲ್ಲಿ ಬರೆದು ಸೇರುವ ಮೊದಲೇ ಕೈಗೆ ಕೊಡುತ್ತೇವೆ. ಮಿಕ್ಕಿದ್ದೆಲ್ಲ ಖುಷಿ ಇದ್ದವರು ಕೊಡುವುದು, ಯಾರು ಎಷ್ಟು ಕೊಟ್ಟರೆಂದು ಸಭೆಯಲ್ಲಿ ಓದುವುದಿಲ್ಲ. ರೋಟರಿಯ ಪೋಲಿಯೋ ನಿರ್ಮೂಲನೆಯ ನಿಧಿಗೂ ಹಾಗೆಯೇ. ಬೆಳೆಗಾರರು ಅಡಿಕೆ ಮಾರಿದ ಮೇಲೆ ಒಂದೇ ಕಂತಿನಲ್ಲಿ ಕೊಡಬಹುದು, ಅಲ್ಲಿಯವರೆಗೆ ಕ್ಲಬ್ಬಿನ ಖಾತೆ ತಡೆದುಕೊಳ್ಳುತ್ತದೆ. ದಾನದ ಹಣವನ್ನು ಮುಟ್ಟದೆ ಚಂದಾ ಖಾತೆಯಲ್ಲೇ ಸ್ವಲ್ಪ ಮೀಸಲು ಇಟ್ಟುಕೊಂಡದ್ದರಿಂದ ಇದು ಸಾಧ್ಯವಾಯಿತು.

ಹೊಸಬರು ಜಾರುವುದು ಪಿನ್ ಹಾಕಿಸಿಕೊಂಡ ಮೊದಲ ಮೂರು ತಿಂಗಳಲ್ಲಿ. ಸಭೆಗೆ ಬರುತ್ತಾರೆ, ಹಳಬರು ಹಳಬರ ಜೊತೆ ನಗುತ್ತಿರುತ್ತಾರೆ, ಇವರು ಮೊಬೈಲ್ ನೋಡುತ್ತಾ ಮೂಲೆಯಲ್ಲಿ ಕೂತಿರುತ್ತಾರೆ. ಅದಕ್ಕೆ ಸೇರಿಸಿದವರೇ ಮೂರು ತಿಂಗಳು ಪಕ್ಕದಲ್ಲಿ ಕೂರಬೇಕೆಂದು ಕಟ್ಟುನಿಟ್ಟು ಮಾಡಿದೆವು, ತಿಂಗಳ ಒಂದು ಸಭೆಯನ್ನು ಸದಸ್ಯರ ಕೆಲಸದ ಜಾಗಕ್ಕೆ ಸಾಗಿಸಿದೆವು. ಹೊಸಬರ ಸರದಿ ಮೊದಲು. ಪ್ರೆಸ್ಸಿನಲ್ಲಿ ಕೂತು ಮದುವೆ ಕಾಗದ ಅಚ್ಚಾಗುವುದನ್ನು ನೋಡಿದ ದಿನ ವೈದ್ಯರೊಬ್ಬರು ಮಗುವಿನ ಹಾಗೆ ಮಿಷನ್ನಿನ ಸುತ್ತ ತಿರುಗಿದರು. ಆ ಪ್ರೆಸ್ಸಿನವರು ಮತ್ತೆ ಮೂಲೆಯಲ್ಲಿ ಕೂರಲಿಲ್ಲ.

ಯಾರಾದರೂ ಸತತ ಎರಡು ಸಭೆ ತಪ್ಪಿಸಿದರೆ ಅಧ್ಯಕ್ಷರು ಫೋನ್ ಮಾಡಬಾರದು, ಅದು ನೋಟಿಸ್ ಕೊಟ್ಟಂತಾಗುತ್ತದೆ. ಅವರಿಗೆ ಹತ್ತಿರದವರು ಅಂಗಡಿಗೆ ಹೋಗಿ ಟೀ ಕುಡಿದು ಬರಬೇಕು, ಸಭೆಯ ಸುದ್ದಿ ಎತ್ತದೆ. ಕಾರಣ ತಾನಾಗಿ ಬರುತ್ತದೆ. ಹೆಚ್ಚಿನ ಸಲ ಕಾರಣ ತೀರಾ ಸಣ್ಣದು. ಆಹ್ವಾನ ಪತ್ರಿಕೆಯಲ್ಲಿ ಹೆಸರು ಬಿಟ್ಟದ್ದು, ವೇದಿಕೆಗೆ ಕರೆಯದ್ದು, ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ ರಾಜಕೀಯದ ಮೆಸೇಜು. ಕೊನೆಯದಕ್ಕೆ ಮದ್ದು ಮಾಡಿದ್ದೇವೆ: ಆ ಗುಂಪಿನಲ್ಲಿ ಕಾರ್ಯದರ್ಶಿ ಬಿಟ್ಟು ಯಾರೂ ಬರೆಯುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಳೆದುಹೋಗುವವರು ಮಾಜಿ ಅಧ್ಯಕ್ಷರು. ಇದನ್ನು ಬೇರೆ ಊರಿನವರೂ ಒಪ್ಪುತ್ತಾರೆ. ಒಂದು ವರ್ಷ ಕಾಲರ್ ಹಾಕಿಕೊಂಡು ಗಂಟೆ ಬಾರಿಸಿ, ಓಡಾಡಿ, ಕೈಯಿಂದ ಖರ್ಚು ಮಾಡಿ ದಣಿದಿರುತ್ತಾರೆ. ಜುಲೈ ಬಂದ ಕೂಡಲೇ ಫೋನು ತಣ್ಣಗಾಗುತ್ತದೆ. ಮುಂದಿನವರು ಇವರನ್ನು ಕೇಳುವುದಿಲ್ಲ, ಇವರಾಗಿ ಹೇಳಿದರೆ ಮೂಗು ತೂರಿಸಿದಂತೆ. ನಮ್ಮ ಕ್ಲಬ್ಬಿಗೆ ಸೇರಿದ ಫ್ರೀಜರ್ ಬಾಕ್ಸ್ ಒಂದಿದೆ. ಮಗ ದುಬೈನಿಂದಲೋ ಬೆಂಗಳೂರಿನಿಂದಲೋ ಬರುವವರೆಗೆ ಶವ ಇಡಲು ಊರಿನವರು ಒಯ್ಯುತ್ತಾರೆ. ಅದರ ಕೀಲಿ ಮತ್ತು ಫೋನ್ ನಂಬರನ್ನು ಒಬ್ಬ ಮಾಜಿ ಅಧ್ಯಕ್ಷರ ಮನೆಗೆ ಕೊಟ್ಟೆವು. ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುತ್ತದೆ. ಅವರೇ ಗೂಡ್ಸ್ ಆಟೊ ಹೊಂದಿಸಿ, ಜೊತೆಗೆ ಹೋಗಿ, ಆ ಮನೆಯ ವೈರಿಂಗ್ ತಡೆಯುತ್ತದೆಯೇ ನೋಡಿ, ಪ್ಲಗ್ ಹಾಕಿ, ತಣ್ಣಗಾಗುವವರೆಗೆ ನಿಂತು ಬರುತ್ತಾರೆ. ವಾಪಸು ಬಂದ ಮೇಲೆ ಫಿನಾಯಿಲ್ ಹಾಕಿ ಒರೆಸುವುದೂ ಅವರೇ. ಬಾಡಿಗೆ ಇಲ್ಲ, ಕೊಟ್ಟವರದ್ದು ರಸೀದಿ ಹಾಕಿ ಕ್ಲಬ್ಬಿಗೆ. ಸಭೆಗೆ ಅವರು ಈಗಲೂ ತಪ್ಪಿಸುವುದುಂಟು. ನಾನು ಹಾಜರಿ ಕೇಳುವುದಿಲ್ಲ. ಇನ್ನೊಬ್ಬ ಮಾಜಿಗಳಿಗೆ ಗಾಲಿಕುರ್ಚಿ ಮತ್ತು ವಾಕರ್‌ಗಳ ಲೆಕ್ಕ ಒಪ್ಪಿಸಿದ್ದೇವೆ. ವರ್ಷದ ಅಧಿಕಾರ ಮುಗಿದರೂ ಮುಗಿಯದ ಒಂದು ಜವಾಬ್ದಾರಿ ಕೈಯಲ್ಲಿದ್ದರೆ ಜನ ಹೋಗುವುದಿಲ್ಲ.

ಇನ್ನೂ ಬಗೆಹರಿಯದ್ದು ಎಳೆಯರ ಪ್ರಶ್ನೆ. ಶಾಲಾ ಮಕ್ಕಳ ಇಂಟರಾಕ್ಟ್, ಯುವಜನರ ರೋಟರಾಕ್ಟ್ ಕ್ಲಬ್ಬು ಎಲ್ಲ ಮಾಡಿದೆವು. ಡಿಗ್ರಿ ಮುಗಿದ ಮರುದಿನ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಅದಕ್ಕೆ ನಾವೇನು ಮಾಡಲಿಕ್ಕಾಗುತ್ತದೆ? ಊರಿನಲ್ಲೇ ಇರುವ ಮೂವತ್ತರ ಪ್ರಾಯದ ಮೇಷ್ಟ್ರುಗಳು, ಸೊಸೈಟಿ ನೌಕರರು, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು ಕೆಲವರು ಬಂದು, ಸಂಜೆ ಸಭೆ ಬೇಡ, ಭಾನುವಾರ ಬೆಳಿಗ್ಗೆ ಕೆರೆ ದಂಡೆಯಲ್ಲಿ ಸೇರುತ್ತೇವೆ, ಭಾಷಣ ಶಾಲು ಹಾರ ಯಾವುದೂ ಬೇಡ ಅಂದರು. ರೋಟರಿಯಲ್ಲಿ ಎಂಟು ಜನ ಇದ್ದರೆ ಸ್ಯಾಟಲೈಟ್ ಕ್ಲಬ್ ಮಾಡಬಹುದು, ಲೆಕ್ಕಕ್ಕೆ ಅವರು ನಮ್ಮ ಕ್ಲಬ್ಬಿನ ಸದಸ್ಯರೇ. ಹಿರಿಯರಲ್ಲಿ ಕೆಲವರಿಗೆ ಇದು ಮನೆ ಪಾಲು ಮಾಡಿದ ಹಾಗೆ ಕಾಣುತ್ತಿದೆ. ಶಾಮಿಯಾನದವರು ಮಾತ್ರ ಈಗಾಗಲೇ ಎರಡು ಭಾನುವಾರ ಅಲ್ಲಿಗೆ ಹೋಗಿ ಬಂದರು, ಹೂಳು ತೆಗೆಯುವುದಕ್ಕೆ ಜೆಸಿಬಿಯವರನ್ನೂ ಒಪ್ಪಿಸಿದ್ದಾರಂತೆ. ಅರ್ಜಿಗೆ ಆರು ಸಹಿ ಬಿದ್ದಿದೆ. ಇನ್ನಿಬ್ಬರಲ್ಲಿ ಒಬ್ಬರು ಚಂದಾದ ಹಾಳೆ ತೋರಿಸಿ ಎಂದು ಕೇಳಿದ್ದಾರೆ, ಗುರುವಾರ ಕೊಟ್ಟು ಬರಬೇಕು.