ಬತ್ತಿದ ಬೋರ್‌ಗೆ ಹೈಡ್ರೋಫ್ರ್ಯಾಕ್ಚರಿಂಗ್: ಪ್ಯಾಕರ್ ಎಲ್ಲಿ ಕೂರುತ್ತೆ, ಮೊದಲು ಅದನ್ನು ಕೇಳಿ

ಹೊಳಲ್ಕೆರೆ ತಾಲ್ಲೂಕಿನ ನಮ್ಮ ಚಿಕ್ಕಪ್ಪನ ಅಡಿಕೆ ತೋಟದಲ್ಲಿ 420 ಅಡಿಯ ಬೋರ್ ಇದೆ. ಆರು ವರ್ಷ ಎರಡು ಇಂಚು ನೀರು ಕೊಟ್ಟಿತು. ಏಳನೇ ವರ್ಷ ಅರ್ಧ ಇಂಚಿಗೆ ಇಳಿಯಿತು. ಯಾರೋ ಹೇಳಿದರು ಅಂತ ಹೈಡ್ರೋಫ್ರ್ಯಾಕ್ಚರಿಂಗ್ ಲಾರಿ, ಅಂದರೆ ಬೋರ್ ಒಳಗೆ ನೀರನ್ನು ಜೋರಾಗಿ ಒತ್ತಿ ಬಂಡೆಯ ಬಿರುಕು ತೆರೆಯುವ ಲಾರಿ, ಕರೆಸಿದರು. ಬೆಳಿಗ್ಗೆ ಬಂದವರು ಹನ್ನೊಂದು ಗಂಟೆಗೆಲ್ಲ ಕೆಲಸ ಮುಗಿಸಿ, ದುಡ್ಡು ಇಸ್ಕೊಂಡು ಹೋದರು. ಎರಡು ದಿನ ಕೆಂಪು ನೀರು ಬಂತು. ಮೂರನೇ ದಿನ ಮೋಟರ್ ಜಾಮ್. ಆಮೇಲೆ ವಿಚಾರಿಸಿದರೆ, ಪ್ಯಾಕರ್ (ಒತ್ತಡ ಮೇಲೆ ಬರದಂತೆ ತಡೆಯುವ ರಬ್ಬರ್ ಬಿರಡೆ) ಕೂರಿಸಿದ್ದು ಕೇಸಿಂಗ್ ಪೈಪ್ (ಮೇಲಿನ ಮಣ್ಣು ಕುಸಿಯದಂತೆ ಬೋರ್‌ಗೆ ಇಳಿಸುವ ಪೈಪ್) ಮುಗಿಯುವ ಜಾಗದಲ್ಲೇ. ಒತ್ತಡ ಬಂಡೆಗೆ ಹೋಗಲೇ ಇಲ್ಲ. ಮೇಲಿನ ಸಡಿಲ ಕಲ್ಲು, ಮಣ್ಣನ್ನು ಕಲಕಿ ಬೋರ್ ಒಳಗೆ ತುಂಬಿತು.

ಜಗಳೂರು, ಚಳ್ಳಕೆರೆ, ಭರಮಸಾಗರದ ಕಡೆ ಇದೇ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಇದು ಅಮೆರಿಕದ ಗ್ಯಾಸ್ ಕೆಲಸವೇನಾ?

ಮೊಬೈಲಲ್ಲಿ ಅಮೆರಿಕದ ಗ್ಯಾಸ್ ಬಾವಿಗಳ ವಿಡಿಯೊ ನೋಡಿದವರು ಮೊದಲು ಕೇಳುವುದು ಇದನ್ನೇ. "ಅಣ್ಣಾ, ನಲ್ಲಿ ನೀರಿಗೆ ಬೆಂಕಿ ಹತ್ತುತ್ತಲ್ಲ, ಅದೇ ತಾನೆ?" ಮೂಲ ಉಪಾಯ ಒಂದೇ: ನೀರನ್ನು ಜೋರಾಗಿ ಒತ್ತಿ ಕಲ್ಲಿನ ಬಿರುಕು ತೆರೆಯುವುದು. ಉಳಿದದ್ದೆಲ್ಲ ಬೇರೆ.

ಗ್ಯಾಸ್‌ಗಾಗಿ ಇದನ್ನು ಮೊದಲು ಮಾಡಿ ನೋಡಿದ್ದು 1947ರಲ್ಲಿ, ಅಮೆರಿಕದ ಕ್ಯಾನ್ಸಸ್‌ನಲ್ಲಿ. ಕೆಸರು ಪದರಗಟ್ಟಿ ಕಲ್ಲಾದ ಶೇಲ್‌ನಲ್ಲಿ ಗ್ಯಾಸ್ ಸಣ್ಣ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದರಿಂದ ಮೂರು ಕಿಲೋಮೀಟರ್ ಆಳಕ್ಕೆ ಹೋಗಿ, ಅಲ್ಲಿಂದ ಅಡ್ಡಕ್ಕೆ ಕೊರೆದು, ನೀರು, ಮರಳು, ಸ್ವಲ್ಪ ರಾಸಾಯನಿಕ ಒತ್ತುತ್ತಾರೆ. ತೆರೆದ ಬಿರುಕು ಮತ್ತೆ ಮುಚ್ಚಿಕೊಳ್ಳದಂತೆ ಮರಳು ಹಿಡಿದುಕೊಳ್ಳುತ್ತದೆ. ಒಂದೊಂದು ಬಾವಿಗೆ ಕೋಟಿ ಲೀಟರ್ ಲೆಕ್ಕದಲ್ಲಿ ನೀರು ಬೇಕು. ಜಗಳೂರಿನವರಿಗೆ ಆ ಲೆಕ್ಕ ಕೇಳಿದರೇ ಸಂಕಟವಾಗುತ್ತದೆ.

ಲಾಭ ಇಲ್ಲ ಅಂತಲ್ಲ. ಅಮೆರಿಕದಲ್ಲಿ ಗ್ಯಾಸ್ ಅಗ್ಗವಾಯಿತು, ಕಲ್ಲಿದ್ದಲಿನ ಎಷ್ಟೋ ವಿದ್ಯುತ್ ಸ್ಥಾವರಗಳು ಮುಚ್ಚಿದವು. ಅಷ್ಟೇ ಕರೆಂಟಿಗೆ ಕಲ್ಲಿದ್ದಲು ಉಗುಳುವ ಇಂಗಾಲದ ಡೈ ಆಕ್ಸೈಡ್‌ನ ಹೆಚ್ಚೂಕಮ್ಮಿ ಅರ್ಧದಷ್ಟನ್ನು ಮಾತ್ರ ಗ್ಯಾಸ್ ಉಗುಳುತ್ತದೆ. ಆದರೆ ಉರಿಯುವ ಮುಂಚೆಯೇ ಸೋರಿಹೋದರೆ ಆ ಲಾಭ ಕೈಬಿಡುತ್ತದೆ. ಆ ಗ್ಯಾಸಿನಲ್ಲಿ ಮುಖ್ಯವಾಗಿ ಇರುವ ಮೀಥೇನ್ 20 ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಬಾವಿಯಿಂದ ವಾಪಸ್ ಬರುವ ಉಪ್ಪುನೀರನ್ನು ಏನು ಮಾಡುವುದು ಅನ್ನುವುದು ಇನ್ನೊಂದು ತಲೆನೋವು. ಒಕ್ಲಹೋಮಾದಲ್ಲಿ ಅದನ್ನು ಆಳಕ್ಕೆ ತುಂಬುತ್ತಾ ಹೋದರು. 2016ರಲ್ಲಿ ಅಲ್ಲಿನ ಪಾನೀ ಊರಿನ ಹತ್ತಿರ 5.8 ತೀವ್ರತೆಯ ಭೂಕಂಪ ಆಯಿತು. ಫ್ರಾನ್ಸ್ 2011ರಲ್ಲೇ ಈ ಕೆಲಸಕ್ಕೆ ನಿಷೇಧ ಹಾಕಿತು.

ನಮ್ಮ ಚಿತ್ರದುರ್ಗದ ಬಂಡೆಗೆ 250 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಇದರಲ್ಲಿ ಶೇಲ್ ಗ್ಯಾಸ್ ಇಲ್ಲ, ನಲ್ಲಿಗೆ ಬೆಂಕಿ ಹತ್ತುವ ಭಯ ಬೇಡ. ಆದರೆ ಒಂದು ಪಾಠ ಅಲ್ಲಿಂದ ಕಲಿಯಬೇಕು. ಅಲ್ಲಿ ಕುಡಿಯುವ ನೀರು ಕೆಟ್ಟ ಕಡೆಗಳಲ್ಲಿ ಬಹಳ ಸಲ ಕಾರಣ ಕಿಲೋಮೀಟರ್ ಕೆಳಗಿನ ಬಿರುಕಲ್ಲ. ಮೇಲಿನ ಕೇಸಿಂಗ್ ಸುತ್ತ ಸಿಮೆಂಟ್ ಸರಿ ಕೂರದೆ ಸೋರಿದ್ದು, ಇಲ್ಲವೇ ಕೊಳಕು ನೀರು ನೆಲಕ್ಕೆ ಚೆಲ್ಲಿದ್ದು. ಚಿಕ್ಕಪ್ಪನ ಬೋರ್ ಕೆಟ್ಟಿದ್ದೂ ಮೇಲ್ಭಾಗದಲ್ಲೇ ಅಲ್ವಾ?

ಮೊದಲ ಹೆಜ್ಜೆ: ನಿಮ್ಮ ಬೋರ್ ಇದಕ್ಕೆ ತಕ್ಕದ್ದಾ?

ಹಿಂದೆ ನೀರು ಕೊಟ್ಟು ಈಗ ಕಡಿಮೆಯಾಗಿರಬೇಕು. ಇಲ್ಲವೇ ಅಕ್ಕಪಕ್ಕದ ಬೋರ್‌ಗಳಲ್ಲಿ ಅಷ್ಟೇ ಆಳದಲ್ಲಿ ನೀರಿರಬೇಕು. ಕೆಳಗೆ ಗಟ್ಟಿ ಬಂಡೆ ಇರಬೇಕು. ಊರಿನ ಬೋರ್‌ಗಳೆಲ್ಲ ಒಣಗಿದ್ದರೆ ದಯವಿಟ್ಟು ದುಡ್ಡು ಹಾಕಬೇಡಿ. ಈ ಕೆಲಸ ದಾರಿ ತೆರೆಯುತ್ತದೆ ಅಷ್ಟೇ, ನೀರು ಹುಟ್ಟಿಸುವುದಿಲ್ಲ.

ಎರಡನೆಯದು: ಅಳೆಯಿರಿ

200 ಲೀಟರ್ ಡ್ರಮ್ ತುಂಬಲು ಎಷ್ಟು ನಿಮಿಷ, ಬರೆದಿಡಿ. ಮೋಟರ್ ಎತ್ತಿಸಿ.

ಮೂರನೆಯದು: ಫ್ಲಶಿಂಗ್, ಕ್ಯಾಮೆರಾ

ಕಂಪ್ರೆಸರ್ ಗಾಳಿ ಹಾಯಿಸಿ ಹೂಳು ತೆಗೆಸಿ. ಕೆಲವೊಮ್ಮೆ ಇಷ್ಟಕ್ಕೇ ನೀರು ಹೆಚ್ಚುತ್ತದೆ, ಆಗ ಇಲ್ಲಿಗೇ ನಿಲ್ಲಿಸಿ. ಆಮೇಲೆ ಬೋರ್ ಕ್ಯಾಮೆರಾ ಇಳಿಸಿ. ಅದರ ಬಾಡಿಗೆ ಉಳಿಸಲು ಹೋಗಬೇಡಿ. ಕ್ಯಾಮೆರಾ ಇಲ್ಲದೆ ಪ್ಯಾಕರ್ ಕೂರಿಸುವುದು ಕಣ್ಣು ಕಟ್ಟಿಕೊಂಡು ಹೊಲ ಉತ್ತ ಹಾಗೆ.

ನಾಲ್ಕನೆಯದು: ಪ್ಯಾಕರ್

ಇಲ್ಲಿ ನಿಧಾನ ಮಾಡಿ. ಕೆಲಸ ಕೆಡುವುದು ಇಲ್ಲೇ.

ಪ್ಯಾಕರ್ ಅಂದರೆ ಪೈಪಿನ ತುದಿಯಲ್ಲಿ ಇಳಿಸುವ ರಬ್ಬರ್ ಬಿರಡೆ. ಉಬ್ಬಿಸಿದರೆ ಬೋರ್ ಗೋಡೆಗೆ ಬಿಗಿಯಾಗಿ ಅಂಟುತ್ತದೆ. ಅದರ ಕೆಳಗೆ ಮಾತ್ರ ಒತ್ತಡ ಏರಬೇಕು.

ರಬ್ಬರನ್ನು ನೀವೇ ಮುಟ್ಟಿ ನೋಡಿ. ಸೀಳಿದ್ದರೆ, ತೇಪೆ ಹಾಕಿದ್ದರೆ ಲಾರಿ ವಾಪಸ್ ಕಳಿಸಿ. ಕೂರಿಸುವ ಜಾಗ ಕ್ಯಾಮೆರಾದಲ್ಲಿ ನುಣುಪಾಗಿ, ಬಿರುಕಿಲ್ಲದೆ ಕಂಡಿರಬೇಕು. ಕೇಸಿಂಗ್ ಮುಗಿದ ಮೇಲೆ ಗಟ್ಟಿ ಬಂಡೆಯಲ್ಲಿ ಕನಿಷ್ಠ 40 ಅಡಿ ಕೆಳಗಿರಬೇಕು. ನಾನಂತೂ ನೆಲದಿಂದ 100 ಅಡಿಗಿಂತ ಮೇಲೆ ಕೂರಿಸಲು ಬಿಡುವುದೇ ಇಲ್ಲ. ಮೇಲೆ ಬಿರುಕು ತೆರೆದರೆ ಕೊಟ್ಟಿಗೆಯ ಗಂಜಲ, ಕಕ್ಕಸು ಗುಂಡಿಯ ನೀರು ಬೋರ್ ಒಳಗೆ ದಾರಿ ಮಾಡಿಕೊಳ್ಳುತ್ತದೆ. ಮನೆಯವರು ಅದೇ ನೀರು ಕುಡಿಯುತ್ತಾರೆ.

ಪಂಪ್ ಶುರು ಮಾಡುವ ಮುಂಚೆ ನೆಲದ ಮಟ್ಟದಲ್ಲಿ ಪೈಪಿಗೆ ಸೀಮೆಸುಣ್ಣದ ಗೆರೆ ಹಾಕಿ. ಆರೂವರೆ ಇಂಚಿನ ಬೋರ್‌ನಲ್ಲಿ ಚದರ ಸೆಂಟಿಮೀಟರಿಗೆ 100 ಕಿಲೋ ಒತ್ತಡ ಅಂದರೆ ಪ್ಯಾಕರನ್ನು ಕೆಳಗಿನಿಂದ ತಳ್ಳುವ ಬಲ ಹೆಚ್ಚೂಕಮ್ಮಿ 21 ಟನ್. ಗೆರೆ ಒಂದು ಬೆರಳು ಮೇಲೆ ಬಂದರೂ ಪ್ಯಾಕರ್ ಜಾರುತ್ತಿದೆ ಅಂತ ತಿಳಿದು, ಪಂಪ್ ನಿಲ್ಲಿಸಿ. ಕೇಸಿಂಗ್ ಬಾಯಿಂದ ನೀರು ಉಕ್ಕಿದರೂ ನಿಲ್ಲಿಸಿ. ಮಕ್ಕಳು ಹತ್ತಿರ ಸುಳಿಯಬಾರದು. ಹೋಸ್ ಪೈಪ್ ಸಿಡಿದರೆ ಕಾಲು ಮುರಿಯುವಷ್ಟು ಏಟು ಬೀಳುತ್ತದೆ.

ಈಗ ಒತ್ತಡ ತೋರಿಸುವ ಗೇಜ್ ಮೇಲೆ ಕಣ್ಣಿಡಿ. ಮುಳ್ಳು ಏರುತ್ತಾ ಹೋಗಿ ತಟ್ಟನೆ ಕೆಳಗೆ ಬಿತ್ತು, ನೀರು ಮಾತ್ರ ಸಲೀಸಾಗಿ ಒಳಗೆ ಹೋಗುತ್ತಿದೆ ಅಂದರೆ ಬಿರುಕು ತೆರೆಯಿತು. ಇನ್ನೂ ಸ್ವಲ್ಪ ಹೊತ್ತು ಒತ್ತಲಿ. ಮುಳ್ಳು ಏರಲೇ ಇಲ್ಲ ಅಂದರೆ ಪ್ಯಾಕರ್ ಸೋರುತ್ತಿರಬೇಕು, ಇಲ್ಲವೇ ಅಲ್ಲಿ ಆಗಲೇ ದೊಡ್ಡ ಬಿರುಕು ಇರಬೇಕು. ಪಂಪಿನ ಮಿತಿ ಮುಟ್ಟಿಯೂ ಬೀಳಲಿಲ್ಲ ಅಂದರೆ ಅಲ್ಲಿ ಬರೀ ಬಂಡೆ. ಜಾಗ ಬದಲಿಸಿ.

ಒಂದೇ ಜಾಗದಲ್ಲಿ ಕೂರಿಸಿ "ಆಯ್ತು ಗೌಡ್ರೇ" ಅಂದರೆ ಒಪ್ಪಬೇಡಿ. 60–70 ಅಡಿ ಇಳಿಸಿ ಮತ್ತೆ ಮಾಡಬೇಕು. ನನ್ನನ್ನು ಕೇಳಿದರೆ ಮೇಲೊಂದು ಕೆಳಗೊಂದು, ಎರಡು ಪ್ಯಾಕರ್ ಇರುವ ಲಾರಿಯನ್ನೇ ಕರೆಸಿ. ಬೇಕಾದ ಪದರಕ್ಕೆ ಮಾತ್ರ ಒತ್ತಡ ಬೀಳುತ್ತದೆ. ದುಡ್ಡು ಜಾಸ್ತಿ, ಆದರೂ ಅದೇ ಸರಿ.

ಒತ್ತುವ ನೀರು ತಿಳಿಯಾಗಿರಲಿ. ಹತ್ತಿರದಲ್ಲಿದೆ ಅಂತ ಕೆರೆಯ ಕೆಂಪು ನೀರು ತುಂಬಿಸಿದರೆ, ಈಗಷ್ಟೇ ತೆರೆದ ಬಿರುಕಿಗೆ ಅದೇ ಮಣ್ಣು ಮೆತ್ತುತ್ತದೆ. ಪಕ್ಕದ ತೋಟದವರಿಗೂ ಮೊದಲೇ ಹೇಳಿ. ಅವರ ಬೋರ್‌ನಲ್ಲಿ ನೀರು ಕಲಕಿದರೆ ಎರಡಕ್ಕೂ ಒಳಗೆ ಸಂಪರ್ಕ ಇದೆ. ನಿಮಗೆ ಹೆಚ್ಚಿದ್ದು ಅವರಿಗೆ ಕಡಿಮೆ ಆಗಬಹುದು. ಕೂತು ಮಾತಾಡಿಕೊಳ್ಳಿ.

ಇನ್ನೊಂದು ಮಾತು. ಬೋರ್‌ಗೆ ಆಸಿಡ್ ಸುರಿಯುತ್ತೇವೆ, ಜಿಲೆಟಿನ್ ಇಳಿಸಿ ಸಿಡಿಸುತ್ತೇವೆ ಅಂತ ಬರುವವರಿದ್ದಾರೆ. ಅಗ್ಗ ಅಂತ ಒಪ್ಪಲೇಬೇಡಿ. ಗಟ್ಟಿ ಬಂಡೆಗೆ ಸಾಮಾನ್ಯ ಆಸಿಡ್ ಏನೂ ಮಾಡುವುದಿಲ್ಲ, ನೀರನ್ನು ಕೆಡಿಸುತ್ತದೆ. ಜಿಲೆಟಿನ್ ಜೀವ ತೆಗೆಯುತ್ತದೆ.

ಐದನೆಯದು: ಮುಗಿದ ಮೇಲೆ

ಒತ್ತಡ ಪೂರ್ತಿ ಇಳಿಸಿದ ಮೇಲಷ್ಟೇ ಪ್ಯಾಕರ್ ಬಿಚ್ಚಬೇಕು. ಮತ್ತೆ ಕಂಪ್ರೆಸರ್ ಗಾಳಿ ಹಾಯಿಸಿ, ನೀರು ತಿಳಿಯಾಗುವ ತನಕ ಹೊರಹಾಕಿ. ಚಿಕ್ಕಪ್ಪನ ಮೋಟರ್ ಜಾಮ್ ಆಗಿದ್ದು ಈ ಕೆಲಸ ಬಿಟ್ಟಿದ್ದಕ್ಕೆ. ಬ್ಲೀಚಿಂಗ್ ಪೌಡರ್ ಹಾಕಿ ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವವರೆಗೆ ಓಡಿಸಿ. ಕುಡಿಯುವ ನೀರಾದರೆ ಫ್ಲೋರೈಡ್ ಪರೀಕ್ಷೆ ಮಾಡಿಸಲೇಬೇಕು. ನಮ್ಮ ಜಿಲ್ಲೆಯ ಬಂಡೆಯೊಳಗಿನ ನೀರಲ್ಲಿ ಅದು ಜಾಸ್ತಿ. ಹೊಸ ಬಿರುಕಿನಿಂದ ಬರುವ ನೀರು ಹಳೆಯದರ ಹಾಗೇ ಇರುತ್ತದೆ ಅನ್ನುವ ಹಾಗಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅದು ತೋಟಕ್ಕೆ ಮಾತ್ರ, ಮಕ್ಕಳಿಗೆ ಬೇಡ.

ಚಿಕ್ಕಪ್ಪ ಮುಂದಿನ ವರ್ಷ ಹೂಳು ತೆಗೆಸಿ ಮತ್ತೆ ಮಾಡಿಸಿದರು. ಈ ಸಲ ಪ್ಯಾಕರ್ 160 ಅಡಿಗೆ. ಎರಡನೇ ಜಾಗದಲ್ಲಿ ಗೇಜ್ 110 ಮುಟ್ಟಿ ಬಿತ್ತು. ಒಂಬತ್ತು ನಿಮಿಷಕ್ಕೆ ತುಂಬುತ್ತಿದ್ದ ಡ್ರಮ್ ನಾಲ್ಕು ನಿಮಿಷಕ್ಕೆ ತುಂಬಿತು. ಮೇ ತಿಂಗಳಲ್ಲಿ ಮತ್ತೆ ಅಳೆದಾಗ ಐದೂವರೆ. ಮೋಟರ್ ಮನೆಯ ಗೋಡೆ ಮೇಲೆ ಮೂರನ್ನೂ ಇದ್ದಿಲಲ್ಲಿ ಬರೆದಿದ್ದಾರೆ, ಕೆಳಗೆ ಮುಂದಿನ ಮೇಗೆ ಜಾಗ ಬಿಟ್ಟು.