ಹಲಗೆಯ ಮೇಲೊಂದು ಎತ್ತಿನ ಬಂಡಿ

ದಾವಣಗೆರೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಪಾಠ ಹೇಳುತ್ತೇನೆ. ಬರುವವರಲ್ಲಿ ಹೆಚ್ಚಿನವರು ದುಡಿಯುವವರು. ಬಟ್ಟೆ ಅಂಗಡಿಯ ಹುಡುಗಿಯರು, ದಲಾಲಿ ಅಂಗಡಿಯ ಗುಮಾಸ್ತರು, ಪೊಲೀಸ್ ಪರೀಕ್ಷೆಗೆ ಓದುತ್ತಿರುವ ಹುಡುಗರು. ಬಹಳ ವರ್ಷ ಒಂದೊಂದು ಪದಕ್ಕೂ ಅರ್ಥಗಳ ಪಟ್ಟಿ ಬರೆಸುತ್ತಿದ್ದೆ. ‘ಚಾರ್ಜ್’ ಎಂದರೆ ಶುಲ್ಕ, ಆರೋಪ, ಹೊಣೆ, ವಿದ್ಯುತ್ ತುಂಬುವುದು, ಮದ್ದು ತುಂಬುವುದು, ಮೇಲೇರಿ ಹೋಗುವುದು. ಅವರು ಬರೆದುಕೊಳ್ಳುತ್ತಿದ್ದರು, ಮರುದಿನ ಮರೆಯುತ್ತಿದ್ದರು. ಬೇಳೆ, ಮೊಳೆ, ಚಪ್ಪಲಿ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ ಕೊಟ್ಟರೆ ಯಾರು ತಾನೇ ನೆನಪಿಟ್ಟಾರು?

ದಾರಿ ತೋರಿಸಿದ್ದು ಒಂದು ಚೀಟಿ. ಎಪಿಎಂಸಿಯಲ್ಲಿ ಲೆಕ್ಕ ಬರೆಯುವ ಹುಡುಗನೊಬ್ಬ ಮೆಕ್ಕೆಜೋಳದ ಲೆಕ್ಕದ ಚೀಟಿ ತಂದು, ‘ಸರ್, ಇಲ್ಲಿ ಹಮಾಲಿ ಚಾರ್ಜ್ ಎಂದಿದೆ. ಬರೀ ಹಮಾಲಿ ಎಂದರೆ ಸಾಲದೇ?’ ಎಂದು ಕೇಳಿದ. ನಿಘಂಟು ತೆರೆದೆ. ಚಾರ್ಜ್‌ನ ಬೇರು ಲ್ಯಾಟಿನ್ನಿನ ‘ಕಾರಸ್’, ಅಂದರೆ ಬಂಡಿ. ಅದರಿಂದ ‘ಬಂಡಿಗೆ ಹೇರು’ ಎಂಬ ಕ್ರಿಯಾಪದ ಹುಟ್ಟಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿದೆ. ಕಾರು, ಕಾರ್ಗೊ ಅದೇ ಬಳ್ಳಿಯವು. ಹಮಾಲಿಯಾದರೋ ‘ಹೊರು’ ಎಂಬ ಅರ್ಥದ ಅರಬ್ಬಿ ಮಾತಿನಿಂದ ಬಂದದ್ದು. ಚೀಟಿಯ ಎರಡು ಪದಗಳೂ ಹೊರೆಯವೇ!

ಮರುದಿನ ಪಟ್ಟಿ ಅಳಿಸಿ ಹಲಗೆಯ ಮೇಲೆ ಎತ್ತಿನ ಬಂಡಿ ಬರೆದೆ. (ಎತ್ತು ಆಡಿನಂತಿತ್ತು.) ಯಾರ ಮೇಲೆ ಏನು ಹೇರಿದೆ ಎಂದು ಕೇಳುತ್ತಾ ಹೋದೆ. ಗಿರಾಕಿಯ ಮೇಲೆ ಹಣ ಹೇರಿದರೆ ಶುಲ್ಕ. ಕಳ್ಳನ ಮೇಲೆ ತಪ್ಪು ಹೇರಿದರೆ ಆರೋಪ. ನಾವೂ ಆರೋಪವನ್ನು ‘ಹೊರಿಸು’ತ್ತೇವಲ್ಲ! ಹೊಣೆಯನ್ನೂ ಹೊರುತ್ತೇವೆ. ಸರ್ಕಾರಿ ಕಾಗದದ ‘ಪ್ರಭಾರ’ದೊಳಗೆ ಭಾರ ಕೂತೇ ಇದೆ. ಆಸ್ಪತ್ರೆಯ ಡಿಸ್ಚಾರ್ಜ್ ಎಂದರೆ ಹೇರಿದ್ದನ್ನು ಇಳಿಸುವುದು. ಮೊಬೈಲಿನ ಚಾರ್ಜ್ ಇಳಿಯಿತು ಎನ್ನುವಾಗ ನಾವು ಲ್ಯಾಟಿನ್ ಅರಿಯದೆಯೇ ಸರಿಯಾದ ಕ್ರಿಯಾಪದ ಹಿಡಿದಿದ್ದೇವೆ. ಆದರೆ ಅದನ್ನೇ ‘ಮೈ ಚಾರ್ಜ್ ಈಸ್ ಓವರ್’ ಎಂದು ಇಂಗ್ಲಿಷಿಗೆ ಸಾಗಿಸಬಾರದು. ಬಸ್ ಚಾರ್ಜ್ ಕೂಡ ಅಲ್ಲಿ ‘ಫೇರ್’.

ಮದ್ದಿನ ಅರ್ಥ ಹೇಳಲು ಚಿತ್ರದುರ್ಗದ ಕೋಟೆ ಸಾಕು. ಅಲ್ಲಿನ ಮದ್ದು ಬೀಸುವ ಕಲ್ಲುಗಳನ್ನು ಶಾಲಾ ಪ್ರವಾಸದಲ್ಲಿ ಎಲ್ಲರೂ ನೋಡಿರುತ್ತಾರೆ. ತೋಪಿಗೆ ಒಂದು ಸಲಕ್ಕೆ ತುಂಬುವಷ್ಟು ಮದ್ದು ಒಂದು ಚಾರ್ಜ್. 1740ರ ದಶಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗಾಜಿನ ಜಾಡಿಗಳಲ್ಲಿ ವಿದ್ಯುತ್ ಕೂಡಿಡುವ ಪ್ರಯೋಗ ಮಾಡುವಾಗ ಇದೇ ಮಾತನ್ನು ಬಳಸಿದ. ಸಾಲಾಗಿ ಜೋಡಿಸಿದ ಆ ಜಾಡಿಗಳಿಗೆ ಇಟ್ಟ ‘ಬ್ಯಾಟರಿ’ ಎಂಬ ಹೆಸರೂ ತೋಪುಗಳ ಸಾಲಿನದೇ. ಇದನ್ನು ಕೇಳಿದ ಮೊಬೈಲ್ ರಿಪೇರಿ ಹುಡುಗ ಅಂದು ಪಾಠ ಮುಗಿದ ಮೇಲೂ ಏಳಲಿಲ್ಲ.

ಬಂಡಿ ಎಲ್ಲ ಕಡೆಗೂ ಹೋಗುವುದಿಲ್ಲ. ‘ಲಾಠಿ ಚಾರ್ಜ್‌ನಲ್ಲಿ ಹೊರೆ ಎಲ್ಲಿದೆ ಸರ್?’ ಎಂದು ಒಬ್ಬ ಕೇಳಿದಾಗ, ‘ಬೆನ್ನಿನ ಮೇಲೆ’ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಎಳೆದು ತಂದು ಹೊಂದಿಸುವುದಕ್ಕಿಂತ ಆ ಒಂದು ಅರ್ಥವನ್ನು ಬೇರೆಯಾಗಿ ಬಾಯಿಪಾಠ ಮಾಡಿಸುವುದೇ ಲೇಸು ಎಂದುಕೊಂಡಿದ್ದೇನೆ.

ಇಷ್ಟಾದರೂ ಒಂದು ಕಡೆ ಎಲ್ಲರೂ ಎಡವುತ್ತಾರೆ. ಅತಿಥಿ ಶಿಕ್ಷಕಿಯೊಬ್ಬರು ಅರ್ಜಿಯೊಂದರಲ್ಲಿ ‘ಅವರ್ ಹೆಡ್‌ಮಾಸ್ಟರ್ ಈಸ್ ಚಾರ್ಜ್ಡ್’ ಎಂದು ಬರೆದಿದ್ದರು. ಅವರು ಪ್ರಭಾರ ಮುಖ್ಯ ಶಿಕ್ಷಕರು ಎಂದು ಹೇಳುವುದು ಆಕೆಯ ಇರಾದೆ. ಓದುವವರಿಗೆ ಕಾಣುವುದು ಮೊಕದ್ದಮೆ. ‘ಇನ್ ಚಾರ್ಜ್’ ಎಂದರೆ ಹೊಣೆ ಹೊತ್ತವರು, ‘ಚಾರ್ಜ್ಡ್’ ಎಂದಷ್ಟೇ ಬರೆದರೆ ಆರೋಪ ಹೊತ್ತವರು ಎಂದು ವಿವರಿಸಿ, ತಿದ್ದಿ ಕೊಡಲು ಪೆನ್ನು ತೆಗೆದೆ.

‘ಇದು ನಕಲು ಸರ್,’ ಎಂದರು ಆಕೆ. ‘ಅಸಲು ಸೋಮವಾರವೇ ಹೋಯಿತು.’